ತಮ್ಮನ ತುಂಬಿದ ಮೈ

ನನ್ನ ತಮ್ಮನಿಗೆ ಮೈ ಇತ್ತು, ತಲೆ ಇರಲಿಲ್ಲ. ಇಷ್ಟು ವರ್ಷಗಳಾದರೂ ಅವನನ್ನು ನೆನೆದರೆ ನನಗೆ ಮೊದಲು ಬರುವುದು ಸಿಟ್ಟೇ.

ಎರಡನೇ ಮಹಾಯುದ್ಧದ ಕಾಲವದು. ಇಚಲಕರಂಜಿಯ ಕುಸ್ತಿಯಲ್ಲಿ ತನಗಿಂತ ಸಣ್ಣ ಪೈಲವಾನನ ಕೈಲಿ ಚಿತ್ತಾಗಿ ಗಡಹಿಂಗ್ಲಜದ ಮನೆಗೆ ಬಂದವನು, ನಾಚಿಕೆ ನುಂಗಲು ದಾರೂ ಕುಡಿದ. ಕುಡಿದೇ ಕುಡಿದ. ಅಮಲು ಪೂರ್ತಿ ಇಳಿಯುವ ಮೊದಲೇ ಹಟಕ್ಕೆ ಬಿದ್ದು, ಸುಡು ಬಿಸಿಲಲ್ಲಿ ತಾಲೀಮಿನ ಗರಡಿಗೆ ಹೋಗಿ ಕೂತೆದ್ದು ಬೈಠಕ್ ಹೊಡೆಯತೊಡಗಿದ. ಕಾಲು ಕುಸಿಯುವವರೆಗೂ ಬಿಡಲಿಲ್ಲ. ಬೆವರುವಾಗ ನೀರು ಕುಡಿಯಬಾರದೆಂಬುದು ತಾಲೀಮಿನ ಕಟ್ಟಳೆ. ಕುಡಿದರೆ ಗಳಿಸಿದ ಕಸುವು ಕರಗುತ್ತದಂತೆ!

ಇಬ್ಬರು ಹೊತ್ತು ತಂದು ಮನೆಯಲ್ಲಿ ಮಲಗಿಸಿದರು. ಮರುದಿನ ತೊಡೆಗಳು ಉಬ್ಬಿ ಕಲ್ಲಾಗಿದ್ದವು, ಮೂತ್ರ ಕಪ್ಪು ಚಹಾದಂತಿತ್ತು. ಅವನಿಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು ಪೈಲವಾನರ ಜೊತೆ ನೋಡಲು ಬಂದರು. ತೊಡೆ ತಟ್ಟಿ ನೋಡಿ ಮುಖ ಅರಳಿಸಿದರು.

“ಶಾಬ್ಬಾಸ್! ತೊಡಿ ನೋಡ್ರಿ, ಹೆಂಗ ತುಂಬ್ಯಾವ!”

ಬಂದವರೆಲ್ಲ ಮುಟ್ಟಿ ಮುಟ್ಟಿ ಮೆಚ್ಚಿದರು. ನೋವಿಗೆ ಹಲ್ಲು ಕಚ್ಚಿಕೊಂಡಿದ್ದ ಈ ಮಹಾಶಯನೂ ಹಿಗ್ಗಿದ.

“ತುಂಬಿಲ್ರೀ, ಬಾತಾವ! ಉಚ್ಚಿ ಕರ್ರಗಾಗೇತಿ. ಕೊಲ್ಲಾಪುರದ ದವಾಖಾನಿಗೆ ಒಯ್ಯೂಣ್ರಿ,” ಎಂದೆ.

“ಮೈಯಾಗಿನ ಉಷ್ಣ ಹೊರಗ ಬೀಳಾಕತ್ತೈತಿ, ಅಕ್ಕಾರ. ಮಾಲೀಶ್ ಮಾಡಿದ್ರ ಸಾಕು,” ಎಂದರು ವಸ್ತಾದರು.

“ಅಕ್ಕಾ, ವಸ್ತಾದರ ಮುಂದ ನನ್ನ ಮರ್ಯಾದಿ ಕಳೀಬ್ಯಾಡ, ಸುಮ್ಮಿರು,” ಎಂದು ಇವನೂ ಗದರಿದ. ಅಯ್ಯೋ ಖೋಡಿ! ಎಣ್ಣೆ ಹಚ್ಚಿ ಅವನ ತೊಡೆ ತುಳಿಯುವುದನ್ನು ನೋಡಲಾರದೆ ನಾನು ತಲೆ ಚಚ್ಚಿಕೊಂಡೆ.

ಮೂತ್ರ ಪೂರಾ ನಿಂತ ಮೇಲೆ ಇವರಿಗೆ ಕೊಲ್ಲಾಪುರ ನೆನಪಾಯಿತು. ತೊಡೆಯ ಮಾಂಸವೇ ಒಡೆದು ರಕ್ತಕ್ಕೆ ಸೇರಿದೆ, ಅದು ಮೂತ್ರಪಿಂಡಗಳನ್ನು ಕೆಡಿಸಿದೆ, ತಡವಾಯಿತು ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಹೊರಹೋಗದ ನೀರಿನಿಂದ ತಮ್ಮನ ಮುಖ, ಕೈ, ಹೊಟ್ಟೆ ಎಲ್ಲ ಊದಿಕೊಂಡವು.

“ಅಕ್ಕಾ, ನನ್ನ ಮ್ಯಾಲ ಸಿಟ್ಟೈತೇನ?” ಎಂದು ಕೇಳಿದ.

“ಭಾಳ,” ಎಂದೆ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಹಾಗೇ ಪ್ರಾಣ ಬಿಟ್ಟ.

ಗಡಹಿಂಗ್ಲಜದಲ್ಲಿ ಚಟ್ಟಕ್ಕೆ ಹೆಗಲು ಕೊಟ್ಟವರು ಆ ಪೈಲವಾನರೇ. ಎತ್ತುವಾಗ ಭಾರಕ್ಕೆ ಅವರೂ ತಡವರಿಸಿದರು. ವಸ್ತಾದರು ಕಣ್ಣೊರೆಸಿಕೊಂಡು, “ಎಂಥಾ ಮೈ ಕಟ್ಟಿದ್ದ ನೋಡ್ರಿ!” ಎಂದರು.

“ನೀರ್ರೀ ಅದು, ಬರೇ ನೀರು!” ಎಂದು ಚೀರಿದೆ.

ದುಃಖಕ್ಕೆ ಏನೋ ಒದರುತ್ತಿದ್ದಾಳೆಂದು ಹೆಂಗಸರು ನನ್ನನ್ನು ಒಳಗೆ ಎಳೆದುಕೊಂಡು ಹೋದರು. ಹೊರಗೆ ಪೈಲವಾನರು ಅವನ ಮೈಯ ಭಾರವನ್ನು ಹೊಗಳುತ್ತಲೇ ಹೊತ್ತು ನಡೆದರು.