ಎಷ್ಟು ಖಂಡೇಪೂಜೆ ಕಂಡ ಲೆನ್ಸು

ಹಳೇ ಲೆನ್ಸು ಕೊಳ್ಳಲು ಹೊರಟವರನ್ನು ನಾನು ಯಾವತ್ತೂ ಕೀಳಾಗಿಯೇ ನೋಡಿದ್ದೇನೆ. ಕೊಪ್ಪಳದಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಅದರ ಬಾಗಿಲು ಹಾಕಿದ ಮೇಲೂ ಜನ ಮನೆಗೆ ಬರುತ್ತಿದ್ದರು. ಕುಷ್ಟಗಿಯಿಂದ, ಗಂಗಾವತಿಯಿಂದ, ಅತ್ತ ಕನಕಗಿರಿಯಿಂದಲೂ. ಫೋನಿನಲ್ಲಿ ಯಾರೋ ಹಾಕಿದ ಚಿತ್ರ ನೋಡಿ ಕೊಂಡು ತಂದ ಲೆನ್ಸನ್ನು ನನ್ನ ಮುಂದಿಟ್ಟು, ‘ಕಾಕಾ, ಒಮ್ಮೆ ನೋಡಿ ಹೇಳ್ರಿ’ ಎನ್ನುತ್ತಿದ್ದರು. ಕೊಂಡ ಮೇಲೆ ಕೇಳುವುದು! ನಾನು ಮ್ಯಾಟ್ರಿಕ್ ಪಾಸಾದವ, ಮುಂದೆ ಓದಲಿಲ್ಲ. ಆದರೆ ಗಾಜಿನ ವಿಷಯದಲ್ಲಿ ನನ್ನದೇ ಕೊನೆಯ ಮಾತು ಎಂದು ಜನ ನಂಬಿದ್ದರು. ನಾನೂ ನಂಬಿದ್ದೆ.

ಬಂದವರಲ್ಲಿ ಮುಕ್ಕಾಲು ಪಾಲು ಮೂಢರು. ಒಬ್ಬ ಗಾಜಿನ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಟ್ಟು ಲುಂಗಿಯ ಚುಂಗಿನಿಂದ ಒರೆಸುವವ. ಇನ್ನೊಬ್ಬ ಬದನೆಕಾಯಿ ಕೊಳ್ಳುವವನಂತೆ ಅಂಗೈಯಲ್ಲಿ ತೂಗಿ ನೋಡಿ ಬೆಲೆ ಕಟ್ಟುವವ. ಮದುವೆ ಫೋಟೋ ತೆಗೆಯುವವರಿಗೆ ಬೇಕಾದದ್ದು ಒಂದೇ: ‘ಹಿಂದಿಂದೆಲ್ಲಾ ಮಸುಕಾಗ್ತೈತೇನ್ರಿ?’ ವಿರೂಪಾಪುರಗಡ್ಡೆಯವರೆಗೆ ಜೋಡಿಯನ್ನು ಕರೆದುಕೊಂಡು ಹೋಗಿ, ಗದ್ದೆಯ ಬದುವಿನ ಮೇಲೆ ನಿಲ್ಲಿಸಿ, ಹಿಂದಿನ ಬಂಡೆ ಭತ್ತ ಎಲ್ಲವನ್ನೂ ಅಳಿಸಿಹಾಕಬೇಕು ಅವರಿಗೆ. ‘ಅಷ್ಟಕ್ಕ ಅಲ್ಲೀತನಕ ಯಾಕ ಹೋಗ್ತೀರಪಾ, ಹಿತ್ತಲ ಗ್ವಾಡಿ ಮುಂದ ನಿಂದರ್ಸಿದ್ರ ಸಾಲದೇನು?’ ಎಂದರೆ ಹಲ್ಲು ಕಿರಿಯುತ್ತಿದ್ದರು.

ವಾರಂಟಿ ಚೀಟಿ ಹಿಡಿದು ಬರುವವರನ್ನು ಕಂಡರಂತೂ ಇನ್ನೂ ಹೇವರಿಕೆ. ಅಂಗಡಿಯವನು ರಬ್ಬರ್ ಸ್ಟಾಂಪ್ ಒತ್ತಿ ‘ಆರು ತಿಂಗಳು’ ಎಂದು ಗೀಚಿ ಕೊಟ್ಟ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿಟ್ಟು, ಲೆನ್ಸನ್ನು ಮಾತ್ರ ಬರಿಗೈಯಲ್ಲಿ ಹಿಡಿದುಕೊಂಡು ಬಸ್ಸಿಳಿದು ಬರುತ್ತಿದ್ದರು.

ಲೆನ್ಸಿನ ವಯಸ್ಸು ತಿಳಿಯಲು ನಮ್ಮ ಕಸುಬಿನವರಲ್ಲಿ ಒಂದು ಮಾತಿತ್ತು. ಮಹಾನವಮಿಯ ದಿನ ನಮ್ಮ ಕಡೆ ಖಂಡೇಪೂಜೆ. ಒಕ್ಕಲಿಗ ಕುಡುಗೋಲಿಗೆ, ವ್ಯಾಪಾರಿ ತಕ್ಕಡಿಗೆ ವಿಭೂತಿ ಕುಂಕುಮ ಹಚ್ಚಿದರೆ, ನಾವು ಕ್ಯಾಮರಾಕ್ಕೆ ಹಚ್ಚುತ್ತೇವೆ. ಮೇಲೆ ಹಸಿ ಹೂವು, ಚಿಮುಕಿಸಿದ ನೀರು. ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಲೆನ್ಸಿನ ರಬ್ಬರ್ ಬಳೆಯ ಸಂದಿಗೆ ಕುಂಕುಮ ಒಮ್ಮೆ ಇಳಿಯಿತೆಂದರೆ ಎಷ್ಟು ಒರೆಸಿದರೂ ಪೂರ್ತಿ ಹೋಗದು. ಅದಕ್ಕೇ ಹಳೇ ಸಾಮಾನು ಕೊಳ್ಳುವಾಗ ಯಾವ ಇಸವಿಯದು ಎಂದು ಕೇಳುವುದಿಲ್ಲ, ‘ಎಷ್ಟು ಖಂಡೇಪೂಜಿ ಕಂಡೈತಿ?’ ಎಂದು ಕೇಳುತ್ತೇವೆ. ಬಿಲ್ಲು ಕಳೆದಿರಬಹುದು, ಸಂದಿಯ ಕುಂಕುಮ ಕಳೆಯುವುದಿಲ್ಲ.

ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದ ಒಬ್ಬ ಹೆಣ್ಣುಮಗಳು ನನ್ನ ಮನೆಗೆ ಬಂದದ್ದು ಎರಡು ವರ್ಷದ ಹಿಂದೆ. ಬಟ್ಟೆ ಹೊಲಿಯುವವಳು, ಮೂವತ್ತರ ಮೇಲಿನ ವಯಸ್ಸು. ಸೆರಗಿನ ಅಂಚಿಗೆ ಒಂದು ಸೂಜಿ ಚುಚ್ಚಿಕೊಂಡೇ ಇರುತ್ತಿದ್ದಳು. ಯಾರದೋ ಹಳೇ ಕ್ಯಾಮರಾ ಕೊಂಡಿದ್ದಳು. ಅದರ ಜೊತೆ ಬಂದ ಲೆನ್ಸು ಮನೆಯ ಒಳಕೋಣೆಯಲ್ಲಿ ಕತ್ತಲು ಕತ್ತಲಾಗಿ ತೆಗೆಯುತ್ತದೆ, ಬೆಳಕು ಹೆಚ್ಚು ಹಿಡಿಯುವ ಐವತ್ತು ಎಂ.ಎಂ. ಲೆನ್ಸು ಬೇಕು ಎಂದಳು.

‘ಏನ್ ತಗೀತೀಯವಾ ಅದರಿಂದ?’ ಎಂದೆ.

‘ಕುಬಸದ ಫೋಟೋ, ಕಾಕಾ.’

ಕುಬಸವೆಂದರೆ ರವಿಕೆ; ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ, ಹೊಸ ಕುಬಸ ತೊಡಿಸಿ ಆರತಿ ಮಾಡುವ ಶಾಸ್ತ್ರಕ್ಕೂ ಅದೇ ಹೆಸರು. ಒಳಗೆಲ್ಲ ಹೆಂಗಸರೇ. ನಾನು ನಕ್ಕೆ. ‘ಕುಬಸ ಹೊಲಿಯಾಕಿ ಕುಬಸದ ಫೋಟೋನೂ ತಗೀತೀನಿ ಅಂತಿ. ನಾಳೆ ಆರತಿನೂ ನೀನ ಮಾಡು.’

ಅವಳು ನಗಲಿಲ್ಲ. ‘ಅವರ ಹೊಟ್ಟಿ ಎಷ್ಟು ಬಂದೈತಿ ಅಂತ ಅಳತಿ ತಗೊಳ್ಳಾಕಿ ನಾನ ಅಲ್ಲೇನ್ರಿ? ನನ್ನ ಮುಂದ ನಾಚ್ಕೊಳ್ಳಂಗಿಲ್ಲ. ಗಂಡಸು ಕ್ಯಾಮರಾ ಹಿಡಕೊಂಡು ಒಳಗ ಬಂದ್ರ ಮಾರಿ ಬಿಗೀತಾವ. ಯಲಬುರ್ಗಾದಾಗ ಒಂದು ದೊಡ್ಡ ಮನಿಯವರು ಫೋಟೋ ತಗಿ ಅಂತ ಹೇಳ್ಯಾರ. ಅದು ಛಲೋ ಬಂದ್ರ ಮುಂದಿನ ದಾರಿ ಆಗ್ತೈತಿ. ಹೊಲಿಗಿಯಿಂದ ನನ್ನ ಬೆನ್ನು ಹೋಗೇತಿ, ಕಾಕಾ.’

ಇಷ್ಟು ಸ್ಪಷ್ಟವಾಗಿ ತನ್ನ ಕೆಲಸ ತಿಳಿದವರು ನನ್ನ ಬಳಿ ಹತ್ತರಲ್ಲಿ ಒಬ್ಬರೂ ಬಂದಿರಲಿಲ್ಲ. ಅದನ್ನು ಅವತ್ತು ನಾನು ಒಪ್ಪಿಕೊಳ್ಳಲಿಲ್ಲ. ಮಶೀನು ತುಳಿಯುವವಳು ನನ್ನ ಕಸುಬಿಗೆ ಕೈ ಹಾಕಿದಳಲ್ಲ ಎಂದಷ್ಟೇ ಅನ್ನಿಸಿತು.

ಗಂಗಾವತಿಯ ಒಂದು ಅಂಗಡಿಯಲ್ಲಿ ಅವಳು ಲೆನ್ಸು ನೋಡಿಟ್ಟಿದ್ದಳು. ಜೊತೆಗೆ ಬನ್ನಿ ಎಂದು ಕರೆದಳು. ಹೋದೆವು. ಲೆನ್ಸು ಎರಡು ವರ್ಷದ್ದು. ಡಬ್ಬಿ, ಬಿಲ್ಲು ಎಲ್ಲ ಇತ್ತು. ಅಂಗಡಿಯವನು ಆರು ತಿಂಗಳ ವಾರಂಟಿ ಬರೆದುಕೊಡುತ್ತೇನೆಂದ. ಹಿಂದಿನಿಂದ ಫೋನಿನ ಬೆಳಕು ಬಿಟ್ಟು ನೋಡಿದೆ. ಗಾಜು ಶುದ್ಧವಾಗಿತ್ತು. ಎರಡು ಧೂಳಿನ ಕಣ ಬಿಟ್ಟರೆ ಏನೂ ಇರಲಿಲ್ಲ. ಧೂಳಿನಿಂದ ಫೋಟೋ ಕೆಡುವುದಿಲ್ಲ ಎಂದು ಈ ಕಸುಬಿನಲ್ಲಿ ಒಂದು ವರ್ಷ ಕಳೆದವನಿಗೂ ಗೊತ್ತು. ನಾನು ಅವಳಿಗೆ ಆ ಎರಡು ಕಣಗಳನ್ನು ತೋರಿಸಿದೆ.

‘ಒಳಗ ಕಸ ಹೊಕ್ಕೇತಿ, ನೋಡು. ರೊಕ್ಕನೂ ಜಾಸ್ತಿ. ಈ ಚೀಟಿ ಏನ್ ಗಾಜಿನಾಗ ಹೋಗಿ ಕುಂದರತೈತೇನು?’

ಬಸ್ಸಿನಲ್ಲಿ ವಾಪಸ್ಸು ಬರುವಾಗ, ನನ್ನ ಪರಿಚಯದವರದೊಂದು ಲೆನ್ಸು ಇದೆ, ಗಂಗಾವತಿಯದರ ಅರ್ಧ ಬೆಲೆಗೆ ಬರುತ್ತದೆ ಎಂದೆ. ಪರಿಚಯದವರದಲ್ಲ. ನನ್ನದೇ ಅದು. ನಾನು ಬಲು ಪ್ರೀತಿಯಿಂದ ಇಟ್ಟುಕೊಂಡಿದ್ದ ಲೆನ್ಸು, ಹಾಗಾಗಿ ಪೂಜೆಯೂ ಅದಕ್ಕೇ ಹೆಚ್ಚು. ಹನ್ನೊಂದು ಖಂಡೇಪೂಜೆ ಹಸಿ ಹೂವಿನ ಕೆಳಗೆ ಮಲಗಿ, ಒಳಗಿನ ಗಾಜಿಗೆ ಫಂಗಸ್ ಹಿಡಿದಿತ್ತು. ಜೇಡರಬಲೆಯಂಥ ಬೂಷ್ಟು. ಇಂಥದ್ದನ್ನು ಬೇರೆ ಯಾರಾದರೂ ತಂದಿದ್ದರೆ ‘ಎಂಥಾ ದಡ್ಡ ಇದ್ದೀಪಾ’ ಎಂದು ಬೈದು ಕಳಿಸುತ್ತಿದ್ದೆ.

ಮರುದಿನ ಅವಳು ಬರುವ ಮೊದಲು ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಯ ಕುಂಕುಮವನ್ನೆಲ್ಲ ಉಜ್ಜಿ ತೆಗೆದೆ. ಆ ಕೆಲಸ ಮಾಡುವಾಗ ನನ್ನ ಮನಸ್ಸಿನಲ್ಲಿ ಬಂದ ಮಾತನ್ನು ಇಲ್ಲಿ ಇದ್ದಂತೆಯೇ ಬರೆಯುತ್ತೇನೆ, ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ: ಇಕಿಗೆ ಇಷ್ಟ ಸಾಕು. ನನಗೆ ಆ ದುಡ್ಡಿನ ಅಗತ್ಯವಿರಲಿಲ್ಲ, ಊಟಕ್ಕೆ ಕೊರತೆ ಇರಲಿಲ್ಲ. ಇಕಿಗೆ ಇಷ್ಟ ಸಾಕು ಎಂಬುದೊಂದೇ ಕಾರಣ.

‘ಎಷ್ಟು ಖಂಡೇಪೂಜಿ ಕಂಡೈತ್ರಿ?’ ಎಂದಳು. ಆ ಮಾತನ್ನು ನಾನೇ ಹಿಂದಿನ ದಿನ ಬಸ್ಸಿನಲ್ಲಿ ಕಲಿಸಿದ್ದೆ.

‘ಮೂರು.’

‘ವಾರಂಟಿ?’

‘ಚೀಟಿ ಯಾಕ ಬೇಕವಾ? ಇದರ ಜುಮ್ಮೇದಾರಿ ನಂದು.’

ನಮ್ಮ ಸೀಮೆಯಲ್ಲಿ ಹಿರಿಯನೊಬ್ಬ ಜುಮ್ಮೇದಾರಿ ನನ್ನದು ಎಂದರೆ ಆಮೇಲೆ ಯಾರೂ ಕಾಗದ ಕೇಳುವುದಿಲ್ಲ. ಕೇಳಿದರೆ ಅವನಿಗೆ ಅವಮಾನ ಮಾಡಿದಂತೆ. ಅವಳೂ ಕೇಳಲಿಲ್ಲ. ಎರಡೂ ಕೈಯಲ್ಲಿ ಲೆನ್ಸನ್ನು ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಬೆಳಕು ಬಿಟ್ಟು ನೋಡುವುದನ್ನು ಅವಳಿಗೆ ನಾನು ಹೇಳಿಕೊಡಲಿಲ್ಲ.

ಯಲಬುರ್ಗಾದ ಆ ಮನೆಯಲ್ಲಿ ಬಸುರಿಯನ್ನು ಕಿಟಕಿಯ ಮುಂದೆ ಕೂರಿಸಿದ್ದರಂತೆ. ಹಿಂದಿನಿಂದ ಬೆಳಕು. ಫಂಗಸ್ ಹಿಡಿದ ಲೆನ್ಸಿಗೆ ಎದುರು ಬೆಳಕೆಂದರೆ ಮುಗಿಯಿತು. ಹಾಲು ಚೆಲ್ಲಿ ಒರೆಸಿದಂಥ ಚಿತ್ರ ಬರುತ್ತದೆ. ಅತ್ತೆಯಾದವಳು ನೋಡಿ, ‘ನಮ್ಮ ಸೊಸಿ ಹೊಗಿಯಾಗ ಕುಂತಂಗ ಕಾಣ್ತಾಳಲ್ಲವಾ! ಶುಭದ ದಿನ ಇದೇನು? ಹೊಲಿಯೋದು ಬಿಟ್ಟು ಇದೆಲ್ಲ ನಿನಗ್ಯಾಕ ಬೇಕಾಗಿತ್ತು?’ ಎಂದಳಂತೆ.

ಹೆಣ್ಣುಮಗಳು ಕ್ಯಾಮರಾ ಹಿಡಿದುಕೊಂಡು ನನ್ನ ಬಳಿ ಬಂದಳು. ಒಂದೊಂದೇ ಚಿತ್ರ ತೋರಿಸಿದಳು. ಬೂಷ್ಟಿನ ಮಂಜು ಬಿಟ್ಟು ನೋಡಿದರೆ ಎಂಥ ಚಿತ್ರಗಳವು! ಬಳೆ ಏರಿಸಿಕೊಳ್ಳುತ್ತ ನೋವಿಗೆ ಒಂದು ಕಣ್ಣು ಮುಚ್ಚಿದ ಬಸುರಿ. ಆರತಿ ತಟ್ಟೆಯ ಹಿಂದೆ ನಗು ತಡೆಯಲಾರದ ಮುದುಕಿ. ನಲವತ್ತು ವರ್ಷ ನಾನು ಕುಬಸದ ಮನೆಯ ಬಾಗಿಲಲ್ಲಿ ನಿಂತು ‘ಈ ಕಡೆ ನೋಡ್ರಿ’ ಎಂದು ಕೂಗಿ ತೆಗೆದ ಒಂದು ಚಿತ್ರವೂ ಹಾಗೆ ಬಂದಿರಲಿಲ್ಲ.

‘ಕಾಕಾ, ಇದು ಲೆನ್ಸಿಂದೋ, ನಂದೋ?’ ಎಂದಳು.

‘ಲೆನ್ಸಿಂದಲ್ಲವಾ. ಕೈಯಾಗಿನ ದೋಷ ಇದು. ಎಲ್ಲಾರಿಗೂ ಬರಂಗಿಲ್ಲ.’

ಅವಳು ‘ಹೌದೇನ್ರಿ’ ಎಂದು ಎದ್ದು ಹೋದಳು. ದುಡ್ಡು ವಾಪಸ್ಸು ಕೇಳಲಿಲ್ಲ. ಜುಮ್ಮೇದಾರಿಯ ಮಾತನ್ನೂ ಎತ್ತಲಿಲ್ಲ.

ಆಮೇಲೆ ಎರಡು ಖಂಡೇಪೂಜೆ ಕಳೆದವು. ನಾನು ಆರಾಮಾಗಿಯೇ ಇದ್ದೆ, ಅದನ್ನೂ ಹೇಳಬೇಕು. ನಿದ್ದೆಗೆಟ್ಟೆ, ಅನ್ನ ಸೇರಲಿಲ್ಲ ಎಂದೆಲ್ಲ ಬರೆದರೆ ಅದು ಇನ್ನೊಂದು ಸುಳ್ಳು.

ಈ ವರ್ಷ ಕನಕಗಿರಿಯಲ್ಲಿ ನನ್ನ ಮೊಮ್ಮಗಳ ಕುಬಸ. ಫೋಟೋದವನು ಬೂಟು ಬಿಚ್ಚಿ ಒಳಗೆ ಬಂದವನೇ ಅಪ್ಪಣೆ ಕೊಡಲು ಶುರುಮಾಡಿದ. ‘ಮೇಡಂ, ಹೊಟ್ಟಿ ಮ್ಯಾಲೆ ಕೈ ಇಡ್ರಿ. ಹಂಗಲ್ರಿ, ಸೆರಗು ಸರಿಸ್ರಿ. ಇನ್ನಷ್ಟು.’ ನನ್ನ ಕೂಸು ಸೆರಗನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡು ನೆಲ ನೋಡಿತು. ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು ಕೇಳಿತು:

‘ಅಜ್ಜಾ, ನಿನಗ ಎಲ್ಲಾರೂ ಗುರ್ತು ಅದಾರಲ್ಲ. ಫೋಟೋ ತಗಿಯೋ ಹೆಣ್ಣುಮಕ್ಕಳು ಒಬ್ಬರೂ ಇಲ್ಲೇನು ನಮ್ಮ ಕಡೆ?’

‘ಒಬ್ಬಾಕಿ ಇದ್ಲು’ ಎಂದೆ.

ಮೂರನೆಯ ದಿನ ಭಾಗ್ಯನಗರಕ್ಕೆ ಹೋದೆ. ಅವಳು ಮಶೀನಿನ ಮುಂದೆ ಕೂತಿದ್ದಳು. ಪಕ್ಕದ ಹಲಗೆಯ ಮೇಲೆ ಕತ್ತರಿಸಿದ ಬಟ್ಟೆಗಳು. ಅವು ಫ್ಯಾನಿನ ಗಾಳಿಗೆ ಹಾರದಂತೆ ಮೇಲೆ ಇಟ್ಟ ಭಾರ ನನ್ನ ಲೆನ್ಸು.

ನಿಂತೇ ಹೇಳಿದೆ. ಮೂರಲ್ಲ, ಹನ್ನೊಂದು. ಪರಿಚಯದವರದಲ್ಲ, ನನ್ನದು. ಗಂಗಾವತಿಯದು ಚೆನ್ನಾಗಿತ್ತು. ನಿನ್ನ ಕೈ ಚೆನ್ನಾಗಿತ್ತು. ಇಕಿಗೆ ಇಷ್ಟ ಸಾಕು ಎಂದುಕೊಂಡದ್ದನ್ನೂ ಹೇಳಿದೆ.

ಅವಳು ಮಶೀನು ನಿಲ್ಲಿಸಿದಳು. ಲೆನ್ಸು ಎತ್ತಿಕೊಂಡು ‘ಹೆಂಗ ನೋಡೋದು, ತೋರಸ್ರಿ’ ಎಂದಳು. ಹಿಂದಿನಿಂದ ಫೋನಿನ ಬೆಳಕು ಬಿಡಲು ಹೇಳಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

‘ಎಳಿ ಎಳಿ ಕಾಣ್ತಾವ.’

‘ಅದ ಫಂಗಸ್ಸು.’

‘ಎರಡು ವರ್ಷ ನನ್ನ ಕೈ ಬೈಕೊಂಡೀನಿ, ಕಾಕಾ. ಕ್ಯಾಮರಾ ಟ್ರಂಕಿನ್ಯಾಗ ಹಾಕಿ ಮ್ಯಾಲೆ ಹಾಸಿಗಿ ಇಟ್ಟೀನಿ.’ ದನಿ ಏರಿಸಲಿಲ್ಲ. ‘ನೀವು ಬರೇ ರೊಕ್ಕ ತಿಂದಿದ್ರ ಆಗಿತ್ತು.’

ಬೈದಿದ್ದರೆ ಕೇಳಿಸಿಕೊಂಡು ಬರಬಹುದಾಗಿತ್ತು. ಅವಳು ಎದ್ದು, ಹಾಸಿಗೆ ಸರಿಸಿ, ಟ್ರಂಕಿನಿಂದ ಕ್ಯಾಮರಾ ತೆಗೆದು ಬ್ಯಾಟರಿಯನ್ನು ಚಾರ್ಜಿಗೆ ಹಾಕಿದಳು.

‘ನಾಳೆ ಗಂಗಾವತಿಗೆ ಬರ್ರಿ. ನಾ ನೋಡ್ತೀನಿ, ನೀವು ಬಾಯಿ ಮುಚ್ಕೊಂಡು ನಿಂದರಬೇಕು. ಹಳೇದಕ್ಕ ನಾ ಕೊಟ್ಟ ರೊಕ್ಕ ಬ್ಯಾರೆ ಲೆನ್ಸಿಗೆ ಹಾಕ್ರಿ, ಮ್ಯಾಲಿಂದು ನಾ ಹಾಕ್ತೀನಿ.’

ಅದೇ ಅಂಗಡಿ. ಅಂಗಡಿಯವನು ಐವತ್ತರವು ಎರಡು ತಂದಿಟ್ಟ. ಒಂದಕ್ಕೆ ಬೆಲೆ ಕಡಿಮೆ, ‘ಎರಡ ಖಂಡೇಪೂಜಿ ಕಂಡಿದ್ದು ಅಕ್ಕಾರ, ಒಂದು ವರ್ಷ ವಾರಂಟಿ ಕೊಡ್ತೀನಿ’ ಎಂದ. ಇನ್ನೊಂದು ದುಬಾರಿ, ವಾರಂಟಿ ಆರೇ ತಿಂಗಳು. ನನ್ನ ನಾಲಿಗೆ ತುರಿಸಿತು. ಅಷ್ಟು ಕಡಿಮೆ ಬೆಲೆಗೆ ಅಷ್ಟು ಉದ್ದದ ವಾರಂಟಿ ಕೊಡುವವನ ಬಗ್ಗೆ ಏನೆನ್ನಬೇಕೆಂದು ನನಗೆ ಗೊತ್ತಿತ್ತು. ಸುಮ್ಮನೆ ನಿಂತೆ.

ಅವಳು ಸೆರಗಿನ ಸೂಜಿ ತೆಗೆದಳು. ಕಡಿಮೆ ಬೆಲೆಯದರ ರಬ್ಬರ್ ಬಳೆಯ ಸಂದಿಯಲ್ಲಿ ಸೂಜಿಯ ಮೊನೆ ಆಡಿಸಿ, ಬಂದದ್ದನ್ನು ಗಾಜಿನ ಮೇಜಿನ ಮೇಲೆ ತಟ್ಟಿದಳು. ಕೆಂಪು ಪುಡಿ, ಗಟ್ಟಿಯಾಗಿ ಕಪ್ಪಾದದ್ದು, ಸಣ್ಣ ಗುಪ್ಪೆಯಷ್ಟು.

‘ಎರಡ ಪೂಜಿಗೆ ಇಷ್ಟು ಕುಂಕುಮ ಸುರೀತೀರೇನ್ರಿ?’

ಅಂಗಡಿಯವನು ಕೆಮ್ಮಿದ. ಎರಡನೆಯದರಲ್ಲಿ ಸೂಜಿಗೆ ಏನೂ ಬರಲಿಲ್ಲ. ಬೆಳಕು ಬಿಟ್ಟು ನೋಡಿದಳು, ಬಳೆ ತಿರುಗಿಸಿದಳು, ಕ್ಯಾಮರಾಕ್ಕೆ ಹಾಕಿ ಬಾಗಿಲ ಬೆಳಕಿಗೆ ಎದುರಾಗಿ ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದಳು. ಚೌಕಾಶಿ ಮಾಡಲಿಲ್ಲ. ‘ಇದು. ಚೀಟಿ ಬರೀರಿ.’

ಚೀಟಿಗೆ ಸ್ಟಾಂಪ್ ಒತ್ತುತ್ತ ಅಂಗಡಿಯವನು ನನ್ನ ಕಡೆ ನೋಡಿ ನಕ್ಕ. ‘ಕಾಕಾರು ಜೋಡಿ ಬಂದ ಮ್ಯಾಲ ಚೀಟಿ ಯಾಕ ಬೇಕ್ರಿ? ಅವರದೊಂದು ಮಾತು ಸಾಕು.’

‘ಅವರ ಮಾತು ಬ್ಯಾಡ್ರಿ, ನಿಮ್ಮ ಚೀಟಿ ಕೊಡ್ರಿ’ ಎಂದಳು.

ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ. ಇಳಿದ ಮೇಲೆ, ಆ ಹಳೇ ಲೆನ್ಸನ್ನಾದರೂ ಕೊಡು, ನನ್ನ ಮನೆಯಲ್ಲಿರಲಿ ಎಂದು ಕೇಳಿದೆ. ಅದು ಅವಳ ಕಣ್ಣಿಗೆ ಬೀಳಬಾರದು ಎನ್ನಿಸಿತ್ತು. ಅಥವಾ ಯಾರ ಕಣ್ಣಿಗೂ.

‘ಇರಲಿ ಬಿಡ್ರಿ ಕಾಕಾ. ಅರಿವಿ ಹಾರಂಗಿಲ್ಲ. ಅಷ್ಟಕ್ಕ ಅದು ಸಾಕು.’

ಮೊಮ್ಮಗಳ ಗೆಳತಿಯೊಬ್ಬಳ ಕುಬಸ ಮುಂದಿನ ವಾರವಿತ್ತು. ಆ ಮನೆಯ ವಿಳಾಸ, ಫೋನ್ ನಂಬರ್ ಬರೆದಿದ್ದ ಕಾಗದವನ್ನು ಅವಳ ಕೈಗೆ ಕೊಟ್ಟೆ. ಓದಿ, ಮಡಚಿ, ವಾರಂಟಿ ಚೀಟಿಯ ಜೊತೆ ಇಟ್ಟುಕೊಂಡಳು. ‘ನಾನ ಫೋನ್ ಮಾಡಿ ಕೇಳ್ತೀನಿ’ ಎಂದಳು, ‘ನೀವೇನೂ ಹೇಳಬ್ಯಾಡ್ರಿ.’