ರಾಜೇಸಾಬರ ಕೊರಳ ಕೇಬಲ್

ರೋಣದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ರಾಜೇಸಾಬರ ಕೊರಳಲ್ಲಿ ಸದಾ ಒಂದು ಕಪ್ಪು ಕೇಬಲ್ ಜೋತಾಡುತ್ತಿತ್ತು. ಮದುವೆಗೆ ಹೋದರೂ ಹೊಸ ಅಂಗಿಯ ಮೇಲೆ ಅದು ಇರಲೇಬೇಕು. ಕಂಪನಿಯವರೇ ಕೈಬಿಟ್ಟ ಹಳೆಯ ಫೋನಿಗೆ ಬೇರೆಯವರು ತಯಾರಿಸಿದ ಹೊಸ ಸಾಫ್ಟ್‌ವೇರ್ ಹಾಕಿ ಓಡಿಸುವುದು ಅವರ ಹೆಚ್ಚುಗಾರಿಕೆ. ಅದಕ್ಕೆ ಮೊದಲು ಆ ಕೇಬಲ್ ಮೂಲಕ ಕಂಪ್ಯೂಟರ್ ಫೋನಿನ ಗುರುತು ಹಿಡಿಯಬೇಕು. ಗಿರಾಕಿ ಅನುಮಾನಪಟ್ಟರೆ ಗದ್ದ ಮೇಲೆತ್ತಿ, "ಹಿಡೀತೈತಿ. ಹಿಡೀಲಾರದ ಎಲ್ಲಿ ಹೋಗ್ತೈತಿ?" ಅನ್ನುತ್ತಿದ್ದರು. ಇಷ್ಟು ಜಂಭದ ಮನುಷ್ಯನನ್ನು ನಾನು ಇಷ್ಟಪಟ್ಟಿದ್ದು ಇದೊಂದೇ ಸಲ.

ನಾನು ಜಕ್ಕಲಿಯ ಶಾಲೆಯಲ್ಲಿ ಶಿಕ್ಷಕಿ. ನರಗುಂದದಲ್ಲಿರುವ ನನ್ನ ತಂಗಿ ಗಂಗಾಗೆ ಹುಟ್ಟಿನಿಂದ ಕಿವಿ ಕೇಳದು, ಓದುಬರಹವೂ ಅಷ್ಟಕ್ಕಷ್ಟೆ. ಸಂಜೆ ವಿಡಿಯೋ ಕಾಲಿನಲ್ಲಿ ಕೈಸನ್ನೆಯೇ ನಮ್ಮ ಮಾತು. ನನ್ನ ಫೋನ್ ಹಳೆಯದಾಗಿ ವಿಡಿಯೋ ಕಾಲ್ ನಿಂತಾಗ ತಂಗಿಯ ಬಾಯಿಯನ್ನೇ ಯಾರೋ ಮುಚ್ಚಿದಂತಾಯಿತು. ಹೊಸದನ್ನು ಕೊಳ್ಳುವ ಅನುಕೂಲವಿರಲಿಲ್ಲ. ಫೋನ್ ಹಿಡಿದು ರಾಜೇಸಾಬರಲ್ಲಿಗೆ ಹೋದೆ.

ಅವರು ಕೊರಳ ಕೇಬಲ್ ತೆಗೆದು ಫೋನಿಗೆ ಚುಚ್ಚಿದರು. ಕಂಪ್ಯೂಟರ್ ಕಣ್ಣೆತ್ತಿಯೂ ನೋಡಲಿಲ್ಲ.

"ಮನಿಗೆ ಹೊಸಬರು ಬಂದ್ರ 'ಯಾರ ಪೈಕಿ' ಅಂತ ಕೇಳ್ತೀವಲ್ರಿ ಅಕ್ಕಾರ, ಇದೂ ಹಂಗ. 'ಇವ ನಮ್ಮಾವ' ಅಂತ ಹೇಳಾಕ ಒಬ್ಬ ಬೇಕು. ಕಂಪ್ಯೂಟರಿನ್ಯಾಗ ಅವಗ ಡ್ರೈವರ್ ಅಂತಾರ" ಎಂದು ಆ ಡ್ರೈವರ್ ತೆಗೆದು ಮತ್ತೆ ಹಾಕಿದರು. ಇಲ್ಲ. ಬೇರೆ ಪೋರ್ಟಿಗೆ ಚುಚ್ಚಿದರು. ಕಂಪ್ಯೂಟರ್ ಆರಿಸಿ ಹಚ್ಚಿದರು. ಕೊನೆಗೆ ನನ್ನ ಫೋನನ್ನೇ ಬೈದರು. ನನ್ನ ಕಣ್ಣು ತುಂಬಿ ಬಂತು.

ಬುತ್ತಿ ತಂದಿದ್ದ ಅವರ ಹೆಂಡತಿ ಖೈರೂನ್‌ಬೀ ಅಂದರು: "ಎಲ್ಲಾರ ಮ್ಯಾಲೂ ಅನುಮಾನ ಪಟ್ರಿ, ನಿಮ್ಮ ಕೊಳ್ಳಾಗಿಂದೊಂದ ಬಿಟ್ಟು!"

ರಾಜೇಸಾಬರ ಮುಖ ಕೆಂಪಾಯಿತು. ಆದರೂ ಡ್ರಾದಿಂದ ಬೇರೊಂದು ಕೇಬಲ್ ತೆಗೆದು ಚುಚ್ಚಿದರು. ಕಂಪ್ಯೂಟರ್ 'ಟಿಂಗ್' ಎಂದಿತು.

"ಮನ್ಯಾಗಿನಾವನೇ ಕೈ ಕೊಟ್ಟ ನೋಡ್ರಿ!" ಎಂದು ಅಂಗಡಿ ಹಾರಿಹೋಗುವಂತೆ ನಕ್ಕರು.

ಸಾಫ್ಟ್‌ವೇರ್ ಏರಿದ ಮೇಲೆ ಅಲ್ಲಿಂದಲೇ ಗಂಗಾಗೆ ಕರೆ ಮಾಡಿದೆ. ಪರದೆಯಲ್ಲಿ ನನ್ನ ಹಿಂದೆ ರಾಜೇಸಾಬರು ಕೊರಳಿಗೆ ಅದೇ ಕೆಟ್ಟ ಕೇಬಲ್ ಮರಳಿ ಹಾಕಿಕೊಂಡು ಗದ್ದ ಎತ್ತಿ ನಿಂತಿದ್ದರು. ಅವಳು ಎರಡೂ ಕೈಯಿಂದ ಕೊರಳಿನಿಂದ ಎದೆಯವರೆಗೆ ಗೆರೆ ಎಳೆದು ನಕ್ಕಳು. ಅಂದಿನಿಂದ ನಮ್ಮ ಭಾಷೆಯಲ್ಲಿ ಅದೇ ಅವರ ಹೆಸರು.

ಆಮೇಲೊಮ್ಮೆ, ಕೆಟ್ಟ ಕೇಬಲ್ ಇನ್ನೂ ಯಾಕೆ ಎಂದು ಕೇಳಿದ್ದೆ. "ಕೆಲಸಕ್ಕ ಬರಂಗಿಲ್ಲ ಖರೇ. ಆದ್ರ ನಿಮ್ಮ ತಂಗಿ ನನ್ನ ಗುರ್ತ ಹಿಡೀಬೇಕಲ್ರಿ!" ಅದೇ ನಮ್ಮ ಕೊನೆಯ ಮಾತು.

ಅವರು ತೀರಿಕೊಂಡ ದಿನ, ಅವರೇ ಬದುಕಿಸಿಕೊಟ್ಟ ಫೋನಿನಲ್ಲಿ ಗಂಗಾಗೆ ಹೇಳಬೇಕಾಯಿತು. ಕೊರಳಿನಿಂದ ಎದೆಗೆ ಗೆರೆ ಎಳೆದು, ಇಲ್ಲವೆಂದು ಕೈಯಾಡಿಸಿದೆ. ಅವಳು ತಾನೂ ಆ ಗೆರೆ ಎಳೆದು, ಥೇಟ್ ಅವರ ಹಾಗೆ ಗದ್ದ ಮೇಲೆತ್ತಿದಳು.