ಅಪ್ಪ ಕಿವಿಯಿಟ್ಟು ಆರಿಸಿದ ಪ್ರೊಸೆಸರ್

ಇವತ್ತು ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ತಿರುಗಿ, ಬಿಸಿಯಾದ ಧೂಳಿನ ವಾಸನೆ ಬಂತು. ದಿಲ್‌ಸುಖ್‌ನಗರದ ಆ ಪುಟ್ಟ ಕಂಪ್ಯೂಟರ್ ಅಂಗಡಿ ನೆನಪಾಯಿತು.

ಬೀದಿಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟಿದ್ದ ಕಾಲ. ನಾನೂ ಒಂದಕ್ಕೆ ಸೇರಿದ್ದೆ. ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಪಿಸಿ ಕೊಳ್ಳೋಣವೆಂದು ಅಪ್ಪನೊಂದಿಗೆ ಹೋದಾಗ, ಅಂಗಡಿಯವನು ಎರಡು ಜೋಡಿಸಿಟ್ಟಿದ್ದ. ಒಂದರಲ್ಲಿ ಸೆಲೆರಾನ್, ಇನ್ನೊಂದರಲ್ಲಿ ಡ್ಯೂರಾನ್, ಎರಡೂ ಅಗ್ಗದ ಪ್ರೊಸೆಸರುಗಳೇ. ಒಂದೇ ಪ್ರೋಗ್ರಾಮನ್ನು ಎರಡರಲ್ಲೂ ಓಡಿಸಿದಾಗ ಡ್ಯೂರಾನ್ ಮೊದಲು ಮುಗಿಸಿತು.

ಅಪ್ಪ ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್. ಯಾವ ಯಂತ್ರವನ್ನಾದರೂ ಮೊದಲು ಕಿವಿಯಿಂದ ಪರೀಕ್ಷಿಸುವುದು ಅವರ ರೂಢಿ. ನೆಲಕ್ಕೆ ಮಂಡಿಯೂರಿ, ಕಣ್ಣು ಮುಚ್ಚಿ, ಎರಡಕ್ಕೂ ಕಿವಿ ಹಚ್ಚಿದರು. ನನಗೆ ನಾಚಿಕೆಯಾಯಿತು.

"ಕಾಕಾ, ಇದೇನ್ ರೇಡಿಯೋ ಅಲ್ರಿ," ಎಂದು ನಮ್ಮ ರಾಯಚೂರಿನ ಕಡೆಯವನೇ ಆದ ಅಂಗಡಿಯವನು ನಕ್ಕ.

"ಗೊತ್ತೈತಪಾ. ಸೆಲೆರಾನ್ ಇರೋದು ಕೊಡು."

"ಅದು ನಿಧಾನ ಐತಿ, ಅಪ್ಪ," ಎಂದೆ.

"ಇರ್ಲಿ ಬಿಡು ಮಗಳ. ಆ ಇನ್ನೊಂದರ ಫ್ಯಾನ್ ಭಾಳ ಗದ್ಲ ಮಾಡ್ತೈತಿ."

ನಿಧಾನದ್ದನ್ನೇ ಕೊಂಡರಲ್ಲ ಎಂದು ದಾರಿಯುದ್ದಕ್ಕೂ ಮುನಿಸಿಕೊಂಡೇ ಬಂದೆ. ನಮ್ಮ ಕ್ವಾರ್ಟರ್ಸಿನಲ್ಲಿ ಮೇಜು ಹಿಡಿಸುವ ಜಾಗವಿದ್ದದ್ದು ಅವ್ವನ ಮಂಚದ ಪಕ್ಕದಲ್ಲಿ ಮಾತ್ರ. ಕಾಯಿಲೆಯ ಅವ್ವ ಇರುಳೆಲ್ಲ ಕೆಮ್ಮುತ್ತಿದ್ದಳು. ಅವಳಿಗೆ ನಿದ್ದೆ ಹತ್ತುತ್ತಿದ್ದದ್ದು ಮಧ್ಯಾಹ್ನ, ನಾನು ಅಭ್ಯಾಸಕ್ಕೆ ಕೂರುವ ಹೊತ್ತಿಗೆ. ಮರುದಿನ ಪ್ರೋಗ್ರಾಮು ಮುಗಿಯಲೆಂದು ಕಾಯುತ್ತ ಕೂತಾಗ, ಅವಳು ಮಲಗಿ ಉಸಿರಾಡುವುದು ಕೇಳಿಸಿತು. ಅಪ್ಪ ಅಂಗಡಿಯಲ್ಲಿ ಅಳೆದದ್ದೇನೆಂದು ಆಗ ತಿಳಿಯಿತು.

ಈಗ ಆ ಮಂಚದ ಮೇಲೆ ಅಪ್ಪ ಮಲಗಿದ್ದಾರೆ. ಲ್ಯಾಪ್‌ಟಾಪನ್ನು ಅಡುಗೆಮನೆಗೆ ತಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.